ಹಗೇವಿನೊಳಗಿನ ನಾಯಿ

ಮುದುಕನ ಕೈಗೆ ಆಟ ಸಿಕ್ಕರೆ ದಿನಕ್ಕೊಂದು ಫಜೀತಿ. ಮೂರು ಮಾತ್ರ ಬರೆಯುತ್ತೇನೆ.

ಯರಗಟ್ಟಿಯ ಮೊಮ್ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಅವಳವ್ವ ಟ್ಯಾಬ್ ಕಸಿದುಕೊಂಡು ಕಟಕೋಳದಲ್ಲಿ ನನ್ನ ಹತ್ತಿರ ತಂದಿಟ್ಟಳು. ಅದರೊಳಗೆ ಹುಡುಗಿಯದೊಂದು ಆಟದ ಲೋಕವಿತ್ತು. ಚೌಕ ಮಣ್ಣು, ಚೌಕ ಕಲ್ಲು. ಅಗೆಯಬೇಕು, ಕಟ್ಟಬೇಕು, ಬದುಕಬೇಕು. ಅಲ್ಲಿ ಅವಳೊಂದು ಮನೆ ಕಟ್ಟಿ, ನಾಯಿ ಸಾಕಿದ್ದಳು.

"ಅಜ್ಜಾ, ನೀ ಎಷ್ಟ ಸಲ ಸತ್ರೂ ಮತ್ತ ಹುಟ್ಟತಿ. ನಾಯಿ ಸತ್ರ ಮತ್ತ ಬರೂದಿಲ್ಲ," ಎಂದು ಫೋನಿನಲ್ಲಿ ಹೇಳಿದಳು.

ನೋಡಿಕೊಳ್ಳುತ್ತೇನೆ ಎಂದೆ. ಆಟದ ಧ್ವನಿ ಮೊದಲ ದಿನವೇ ಬಂದ್ ಮಾಡಿದೆ. ಗದ್ದಲ ನನಗಾಗದು.

೧. ಬಾಂದುಗಲ್ಲು

ಹೊಲ ಕೈಗೆ ಬಂದರೆ ಮೊದಲು ಗಡಿ ನೋಡಬೇಕು. ನಾಲ್ಕು ಮೂಲೆಗೆ ಕಲ್ಲು ನೆಡಲು ಹೊರಟೆ. ಆಟದ ಹಗಲು ಹತ್ತೇ ನಿಮಿಷ ಎಂಬುದು ಗೊತ್ತಿರಲಿಲ್ಲ. ಮೂರನೇ ಕಲ್ಲಿಗೆ ಹೊತ್ತು ಮುಳುಗಿತು, ದೆವ್ವ ಬಂದು ಮೇಲೆ ಬಿದ್ದವು. ಹೊತ್ತಿದ್ದ ಸಾಮಾನೆಲ್ಲ ಅಲ್ಲೇ ಚೆಲ್ಲಿತು. ನಾನು ಬರಿಗೈಯಲ್ಲಿ ಮನೆಯ ಹಾಸಿಗೆಯಲ್ಲಿ ಎದ್ದೆ. ಒಳ್ಳೆಯ ಸಾಮಾನು ಪೆಟ್ಟಿಗೆಯಲ್ಲಿಟ್ಟು ಹೊರಡಬೇಕು, ಹೊತ್ತಿರುವಾಗಲೇ ತಿರುಗಿ ಬರಬೇಕು.

ಏನಾಯಿತೆಂದು ನಮ್ಮಾಕಿ ಕೇಳಿದಳು. ಸತ್ತೆ ಎಂದೆ.

"ಚಾ ಇಡ್ಲೇನ್ರಿ?" ಎಂದಳು.

೨. ಬಾವಿ ತೋಡುವವನು

ನಾನು ಅಗೆಯುವುದನ್ನು ಪಕ್ಕದ ಮನೆಯವನು ನೋಡಿದ. ಊರಿನ ಅರ್ಧ ಬಾವಿ ಅವನೇ ತೋಡಿದ್ದು. ನನ್ನ ಕೆಲಸ ನೋಡಲಾಗದೆ ಟ್ಯಾಬ್ ಇಸಿದುಕೊಂಡು ಕಾಲ ಕೆಳಗೇ ನೆಟ್ಟಗೆ ಅಗೆದ. ತಳದಲ್ಲಿ ಬೆಂಕಿಯ ಮಡು. ಬಿದ್ದ.

ನಿಂತ ಜಾಗ ಅಗೆಯಬಾರದು. ಮೆಟ್ಟಿಲು ಮಾಡುತ್ತ ಇಳಿಯಬೇಕು. ನಿಜವಾದ ಬಾವಿಯಲ್ಲಿ ಅವನು ಮಾಡುತ್ತಿದ್ದುದೂ ಹಾಗೆಯೇ.

ಟ್ಯಾಬ್ ವಾಪಸು ಕೊಟ್ಟು, "ನಿಮ್ಮ ನೆಲಾನ ಸರಿ ಇಲ್ರಿ," ಎಂದು ಎದ್ದುಹೋದ.

೩. ಹಗೇವು

ದೆವ್ವಗಳು ಮನೆಯ ಬಾಗಿಲವರೆಗೂ ಬರತೊಡಗಿದವು. ನಾಯಿಯ ಚಿಂತೆ ಹತ್ತಿತು. ನಮ್ಮ ಹಿರಿಯರು ಜೋಳವನ್ನು ನೆಲದೊಳಗೆ ಹಗೇವಿನಲ್ಲಿ ತುಂಬಿಡುತ್ತಿದ್ದರು. ನಾನೂ ಒಂದು ತೋಡಿದೆ. ಕತ್ತಲಿದ್ದಲ್ಲಿ ದೆವ್ವ ಹುಟ್ಟುತ್ತವೆ; ಒಳಗೆಲ್ಲ ದೀವಟಿಗೆ ಇಟ್ಟೆ. ನಾಯಿಯನ್ನು ಕೂರಿಸಿ, ಹಗೇವಿನ ಬಾಯಿ ಮುಚ್ಚಿ, ಮೇಲೆ ಹುಲ್ಲಿನ ಮಣ್ಣು ಹಾಸಿ ನೆಲ ಸಮ ಮಾಡಿದೆ.

ಪರೀಕ್ಷೆ ಮುಗಿಸಿ ಮೊಮ್ಮಗಳು ಬಂದಳು. ನಾಯಿ ಎಲ್ಲಿ ಎಂದಳು. ಅಗೆದೆ. ಇಲ್ಲ. ಇನ್ನೊಂದು ಕಡೆ ಅಗೆದೆ. ಇಲ್ಲ. ಮಧ್ಯಾಹ್ನವೆಲ್ಲ ಇಬ್ಬರೂ ಅಗೆದೆವು.

"ಗುರುತ ಇಟ್ಟಿಲ್ಲೇನಜ್ಜಾ?"

"ಕಳ್ಳರಿಗೆ ತಿಳೀತೈತಿ. ಹಗೇವಿಗೆ ಗುರುತ ಇಡೂದಿಲ್ಲ."

ಹುಡುಗಿಯ ಕಣ್ಣು ತುಂಬಿತು. ಎಷ್ಟೋ ಹಿರಿಯರು ತುಂಬಿದ ಜೋಳ ಹೀಗೆಯೇ ನೆಲದಲ್ಲಿ ಉಳಿದಿರಬೇಕು ಅನಿಸಿತು.

ಮೂಗು ಒರೆಸಿಕೊಂಡು, ಇದರ ಧ್ವನಿ ಯಾಕಿಲ್ಲ ಎಂದು ಕೇಳಿದಳು. ನಾನೇ ಬಂದ್ ಮಾಡಿದ್ದೆ ಎಂದೆ. ಅವಳು ಏರಿಸಿದಳು. ನಾವು ನಿಂತಲ್ಲೇ, ಕಾಲ ಕೆಳಗೆ, ನಾಯಿ ಬೊಗಳುತ್ತಿತ್ತು.

ಆಟವನ್ನು ಧ್ವನಿ ಇಟ್ಟುಕೊಂಡೇ ಆಡಬೇಕು.

ಅಡುಗೆಮನೆಯಿಂದ ನಮ್ಮಾಕಿ ಅಂದಳು: "ಆ ನಾಯಿ ಪುಣ್ಯಾ ಮಾಡೇತಿ ಬಿಡವಾ. ನಾ ನಲವತ್ತ ವರ್ಷದಿಂದ ಒದರಾಕತ್ತೇನಿ."