ಬೋಟ್ಸ್ವಾನಾ ಗಡಿಯಲ್ಲಿ ಅಕ್ಕನ ವಿಭೂತಿ

ಚಿತ್ರದುರ್ಗದಿಂದ ಹುಬ್ಬಳ್ಳಿಗೆ ಎಲ್ಲೂ ನಿಲ್ಲಿಸದೆ ಮೂರು ಗಂಟೆಯಲ್ಲಿ ಕಾರು ಮುಟ್ಟಿಸುವವನಿಗೆ ಆಫ್ರಿಕಾ ಯಾವ ಲೆಕ್ಕ? ಹೀಗೆಂದು ನಾನು ಘೋಷಿಸಿದ್ದು ನಮ್ಮ ಬೀದಿಯ ಹೋಟೆಲಿನಲ್ಲಿ, ಹತ್ತು ಜನರ ಎದುರು. ಯಾರೂ ಎದುರು ಮಾತಾಡಲಿಲ್ಲ. ಅವತ್ತು ಎಲ್ಲರಿಗೂ ಕಾಫಿ ಕುಡಿಸುತ್ತಿದ್ದವನು ನಾನೇ!

ಹೊರಟಿದ್ದು ನಾನು ಮತ್ತು ನನ್ನ ಹೆಂಡತಿ ಸುಮಂಗಲ. ನಾನು ಹೊಳಲ್ಕೆರೆ ರಸ್ತೆಯಲ್ಲಿ ಪಂಪ್‌ಸೆಟ್ ಅಂಗಡಿ ನಡೆಸಿದವನು. ಅವಳು ಹೊಸದುರ್ಗದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿ ನಿವೃತ್ತಳಾದವಳು. ಆ ಮೂವತ್ತು ವರ್ಷವೂ ಗೋಡೆಯ ನಕ್ಷೆಯ ಮೇಲೆ ಕೋಲಿಟ್ಟು ಮಕ್ಕಳಿಗೆ ಒಂದು ನದಿ ತೋರಿಸಿದ್ದಾಳೆ. ಅದರ ಹೆಸರು ಒಕವಾಂಗೊ. ಬೇರೆ ನದಿಗಳೆಲ್ಲ ಸಮುದ್ರದ ಕಡೆ ಓಡಿದರೆ ಇದು ಮರಳುಗಾಡಿನ ಕಡೆ ಬಂದು, ನೂರು ಕವಲಾಗಿ ಹರಡಿ, ಅಲ್ಲೇ ಇಂಗಿಹೋಗುತ್ತದೆ.

"ನಾನೇ ನೋಡ್ದೆ ಇರೋದ್ನ ಮೂವತ್ತು ವರ್ಷ ಹುಡುಗ್ರಿಗೆ ಹೇಳೀನಿ ಕಣ್ರಿ. ಒಂದ್ಸಲ ಕಣ್ಣಾರೆ ನೋಡ್ಬೇಕು," ಎಂದಳು.

ಮದುವೆಯಾದ ಮೇಲೆ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ. ನಾನು ಉದಾರವಾಗಿ ಒಪ್ಪಿದೆ. ಕೇಪ್‌ಟೌನಿನಲ್ಲಿ ಬಾಡಿಗೆ ಕಾರು ಹತ್ತುವುದು, ನಮೀಬಿಯಾ ಹಾಯ್ದು ಬೋಟ್ಸ್ವಾನಾದ ಮೌನ್ ಎಂಬ ಊರು ಸೇರುವುದು, ಅಲ್ಲಿಂದ ದೋಣಿಯಲ್ಲಿ ಅವಳ ನದಿ. ದೋಣಿಗೆ ಆರು ತಿಂಗಳ ಮೊದಲೇ ದಿನ ನಿಗದಿಯಾಗಿತ್ತು. ಅದರ ಮಾರನೇ ದಿನ ಮೌನ್‌ನಿಂದಲೇ ವಾಪಸು ವಿಮಾನ. ಅಂದರೆ ನದಿಗೆ ಸಿಕ್ಕಿದ್ದು ಒಂದೇ ದಿನ.

ಹೊರಡುವ ಮುಂಚೆ ಸುಮಂಗಲ ಬೋಟ್ಸ್ವಾನಾದ ನಿಯಮಗಳನ್ನು ನನ್ನೆದುರು ಕೂತು ಓದಿದಳು. ದನಕರುಗಳಿಗೆ ಕಾಲುಬಾಯಿ ಜ್ವರ ಬರಬಾರದೆಂದು ಆ ದೇಶದವರು ಬಲು ಕಟ್ಟುನಿಟ್ಟು. ಹಾಲು, ತುಪ್ಪ, ಮಾಂಸ ಯಾವುದೂ ಗಡಿ ದಾಟುವಂತಿಲ್ಲ. ನಾನು ಶಿಸ್ತಿನ ಮನುಷ್ಯ. ಅಕ್ಕ ಕಳಿಸಿದ್ದ ತುಪ್ಪದ ಡಬ್ಬಿಯನ್ನು ಆಗಲೇ ತೆಗೆದು ಮನೆಯಲ್ಲೇ ಇಟ್ಟೆ. ಬಿ.ದುರ್ಗದಲ್ಲಿರುವ ಈ ನಮ್ಮಕ್ಕ ತುಪ್ಪದ ಜೊತೆ ತಾನೇ ಕೈಯಾರೆ ಮಾಡಿದ ಎಂಟು ವಿಭೂತಿ ಗಟ್ಟಿಗಳನ್ನೂ ಕಳಿಸಿದ್ದಳು. ಅವು ತಿನ್ನುವ ಪದಾರ್ಥವಲ್ಲವಲ್ಲ! ಪಂಚೆಯಲ್ಲಿ ಸುತ್ತಿ ಸೂಟ್‌ಕೇಸಿಗೆ ಹಾಕಿದೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಹಣೆಗೆ ಮೂರು ಬೆರಳು ಎಳೆಯದೆ ನಾನು ಅಂಗಡಿ ಬಾಗಿಲನ್ನೇ ತೆಗೆದವನಲ್ಲ. ಇನ್ನು ಆಫ್ರಿಕಾದ ಬಾಗಿಲು ತೆಗೆಯುವುದುಂಟೆ?

ಕಾರು ಓಡಿಸುವುದು ನನ್ನ ಏಕಸ್ವಾಮ್ಯ. ನಮ್ಮಲ್ಲಿ ದೂರದ ಪ್ರಯಾಣವೆಂದರೆ ಎಷ್ಟು ಬೇಗ ಮುಟ್ಟಿದೆ ಎಂಬುದಷ್ಟೇ ಮುಖ್ಯ. ದಾರಿಯಲ್ಲಿ ಏನಿತ್ತೆಂದು ಯಾವ ಗಂಡಸೂ ಕೇಳುವುದಿಲ್ಲ. ಈ ಶಾಸ್ತ್ರವನ್ನು ನಾನು ಅಲ್ಲಿಯೂ ಭಕ್ತಿಯಿಂದ ಪಾಲಿಸಿದೆ.

"ರೀ, ನಿಲ್ಸ್ರಿ! ಆರೆಂಜ್ ನದಿ ಬಂತು!"

"ನೀರು ತಾನೇ? ನಮ್ಮ ಹಿರಿಯೂರಿನ ಮಾರಿಕಣಿವೆ ಡ್ಯಾಮ್‌ನಾಗೆ ಇಲ್ಲೇನೇ?"

ನದಿ ಹಿಂದೆ ಹೋಯಿತು. ಎರಡು ದಿನದ ಮೇಲೆ ನಮೀಬಿಯಾದ ಮರಳುದಿಬ್ಬಗಳು ಬಂದವು. ಕೆಂಪಗೆ, ಬೆಟ್ಟದಷ್ಟು ಎತ್ತರಕ್ಕೆ.

"ಒಂದೈದು ನಿಮಿಷ ನಿಲ್ಸ್ರಿ. ಹತ್ತಿ ನೋಡಾಣ."

"ಮರಳು ನೋಡಾಕೆ ಇಲ್ಲಿಗಂಟ ಬರ್ಬೇಕಿತ್ತಾ? ನಮ್ಮ ವೇದಾವತಿ ಹೊಳೆಯಾಗೆ ಬೇಕಾದಷ್ಟಿತ್ತು, ಲಾರಿಯೋರು ಬಿಟ್ಟಿದ್ರೆ!"

ನನ್ನ ಮಾತಿಗೆ ನಾನೇ ನಕ್ಕೆ. ಜಿರಾಫೆಗಳನ್ನು ಅವಳು ಕಿಟಕಿಯಿಂದ ನೋಡಿದಳು, ಅದೂ ಕತ್ತು ತಿರುಗಿಸಿ, ಹಿಂದಿನ ಗಾಜಿನಲ್ಲಿ. ಒಂದು ವಾರದ ಮೇಲೆ ಅವಳು ನಿಲ್ಲಿಸಿ ಎನ್ನುವುದನ್ನು ಬಿಟ್ಟಳು. ಮಡಿಲಲ್ಲಿ ನಕ್ಷೆ ಬಿಡಿಸಿಕೊಂಡು ನಾವು ದಾಟಿದ ಜಾಗಗಳ ಮೇಲೆ ಸುಮ್ಮನೆ ಬೆರಳಾಡಿಸುತ್ತಿದ್ದಳು. ಅವಳಿಗೆ ತೃಪ್ತಿಯಾಗಿದೆ ಎಂದು ನಾನು ತೀರ್ಮಾನಿಸಿದೆ.

ದೋಣಿಯ ಹಿಂದಿನ ದಿನ ಬೆಳಿಗ್ಗೆ ಹತ್ತಕ್ಕೆಲ್ಲ ಬೋಟ್ಸ್ವಾನಾ ಗಡಿ ಮುಟ್ಟಿದೆವು. ಅಲ್ಲಿಂದ ಮೌನ್‌ಗೆ ಸಂಜೆಯೊಳಗೆ ತಲುಪಬೇಕಿತ್ತು. ಗೇಟಿನಲ್ಲಿ ಸಮವಸ್ತ್ರ ತೊಟ್ಟ ಒಬ್ಬ ಗಂಭೀರ ಅಧಿಕಾರಿ ನಿಂತಿದ್ದರು. ಮುಂದಿನ ಸಂಭಾಷಣೆಯೆಲ್ಲ ನನ್ನ ಪಂಪ್‌ಸೆಟ್ ಇಂಗ್ಲಿಷಿನಲ್ಲಿ ನಡೆದದ್ದು. ಇಲ್ಲಿ ಕನ್ನಡದಲ್ಲಿ ಬರೆದು ಮರ್ಯಾದೆ ಉಳಿಸಿಕೊಳ್ಳುತ್ತಿದ್ದೇನೆ.

"ಮಾಂಸ, ಹಾಲು, ಪ್ರಾಣಿಗಳಿಂದ ಬಂದ ವಸ್ತು ಏನಾದರೂ ಇದೆಯೇ?"

ನಾನು ಎದೆ ಸೆಟೆಸಿದೆ. "ಸ್ವಾಮಿ, ನಾವು ತಲೆತಲಾಂತರದಿಂದ ಶುದ್ಧ ಸಸ್ಯಾಹಾರಿಗಳು!"

ಅವರು ಸೂಟ್‌ಕೇಸ್ ತೆರೆದರು. ಪಂಚೆ ಬಿಚ್ಚಿದರು. ಎಂಟು ಬಿಳಿ ಗಟ್ಟಿಗಳಲ್ಲಿ ಮೂರು ಉಳಿದಿದ್ದವು, ಐದು ನನ್ನ ಭಕ್ತಿಗೂ ಕಾರಿನ ಬಾನೆಟ್ಟಿಗೂ ಖರ್ಚಾಗಿದ್ದವು. ಅಧಿಕಾರಿಯ ಮುಖ ಬಿಗಿಯಿತು. ಒಂದು ಗಟ್ಟಿಯನ್ನು ಮೂಸಿದರು. ಬೆರಳಿಗೆ ಅಂಟಿದ ಬಿಳಿಪುಡಿಯನ್ನು ನೋಡಿದರು. ನನ್ನನ್ನು ನೋಡಿದರು.

"ಇದು ಯಾವ ಪುಡಿ?"

ಮಾದಕವಸ್ತು ಎಂದುಕೊಂಡಿದ್ದಾರೆ! ಹೊಳಲ್ಕೆರೆ ರಸ್ತೆಯ ಪಂಪ್‌ಸೆಟ್ ವ್ಯಾಪಾರಿ ಆಫ್ರಿಕಾದಲ್ಲಿ ಸೆರೆ ಎಂಬ ಸುದ್ದಿ ನಮ್ಮ ಬೀದಿಯ ಹೋಟೆಲಿಗೆ ತಲುಪಿದರೆ? ಒಂದೇ ಉಸಿರಿಗೆ ಸತ್ಯ ಹೇಳಿಬಿಟ್ಟೆ.

"ಅಯ್ಯೋ, ಅಂಥದ್ದೇನಲ್ಲ ಸ್ವಾಮಿ! ಇದು ಬರೀ ಹಸುವಿನ ಸಗಣಿ!"

ಅಧಿಕಾರಿ ಗಟ್ಟಿಯನ್ನು ಕೈಬಿಟ್ಟರು. ಎರಡು ಹೆಜ್ಜೆ ಹಿಂದೆ ಸರಿದು ಯಾರನ್ನೋ ಕೂಗಿದರು. ಒಳಗಿನಿಂದ ಕೈಗವಸು ಹಾಕಿಕೊಂಡು ಪಶುವೈದ್ಯೆಯೊಬ್ಬರು ಬಂದರು. ಮಾದಕವಸ್ತುವೇ ಆಗಿದ್ದರೆ ಅಷ್ಟು ಗಾಬರಿಯಾಗುತ್ತಿರಲಿಲ್ಲವೇನೋ.

ವೈದ್ಯೆ ನಿಜಕ್ಕೂ ಒಳ್ಳೆಯ ಹೆಣ್ಣುಮಗಳು. ಗಟ್ಟಿಯನ್ನು ತಿರುಗಿಸಿ ನೋಡಿ, "ಇದು ಬೂದಿಯಲ್ಲವೇ? ಪೂರ್ತಿ ಸುಟ್ಟದ್ದಾದರೆ ರೋಗಾಣು ಉಳಿಯುವುದಿಲ್ಲ. ಬರೀ ಬೂದಿಯಾದರೆ ತೊಂದರೆ ಇಲ್ಲ," ಎಂದರು.

ಸುಮಂಗಲ ನನ್ನ ಕಾಲು ತುಳಿದಳು. "ಹೂಂ ಅನ್ರಿ. ಹೂಂ ಅಂದು ಸುಮ್ಕಿರ್ರಿ."

ಹೂಂ ಎಂದಿದ್ದರೆ ಮುಗಿದಿತ್ತು. ಆದರೆ ನನಗೆ ಅವಮಾನವಾಯಿತು. ಬರೀ ಬೂದಿಯೇ? ನಮ್ಮಕ್ಕನ ವಿಭೂತಿಯೇ?

"ಮೇಡಂ, ಬರೀ ಬೂದಿ ಪೇಟೆಯವರದು," ಎಂದೆ. "ನಮ್ಮದು ಹಾಗಲ್ಲ. ಸುಟ್ಟಾದ ಮೇಲೆ ಹಸಿ ಹಾಲು ಹಾಕಿ ಕಲಸುತ್ತಾರೆ. ಆಮೇಲೆ ಗೋಮೂತ್ರ ಚಿಮುಕಿಸುತ್ತಾರೆ. ಎಲ್ಲ ಮನೆಯ ಹಸುವಿನದೇ, ತಾಜಾ!"

ವೈದ್ಯೆ ಕಣ್ಣು ಮುಚ್ಚಿ ತೆರೆದರು. "ನಿಮ್ಮ ಕಡೆ ಕಾಲುಬಾಯಿ ಜ್ವರ ಇದೆಯೇ?"

"ಇಲ್ಲದೆ ಏನು ಮೇಡಂ! ಹೋದ ವರ್ಷ ನಮ್ಮಕ್ಕನ ಎರಡು ಹಸುವಿಗೂ ಬಂದಿತ್ತು. ಅವುಗಳ ಸಗಣಿಯಿಂದಲೇ ಮಾಡಿದ್ದು. ಈಗ ಗಟ್ಟಿಮುಟ್ಟಾಗಿವೆ!"

ಪಕ್ಕದಲ್ಲಿ ಸುಮಂಗಲ ಹಣೆ ಚಚ್ಚಿಕೊಂಡಳು. "ನಿಮ್ ಬಾಯಿಗೆ ಇವ್ರು ಔಷ್ಧಿ ಹಾಕಿದ್ರೆ ಪುಣ್ಯ ಬರ್ತಿತ್ತು!"

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಮೂರು ಗಟ್ಟಿಗಳು ಪ್ಲಾಸ್ಟಿಕ್ ಚೀಲ ಸೇರಿದವು. ನನ್ನನ್ನು ಔಷಧಿ ನೀರಿನ ತೊಟ್ಟಿಯಲ್ಲಿ ಚಪ್ಪಲಿ ಸಮೇತ ನಿಲ್ಲಿಸಿದರು. ಹಣೆಯ ಮೂರು ಗೆರೆಯನ್ನು ಸಾಬೂನಿನಿಂದ ತೊಳೆಸಿದರು. ಬಾನೆಟ್ಟಿಗೂ ಸ್ಟೀರಿಂಗಿಗೂ ಅದೇ ಬಳಿದಿದ್ದೇನೆಂದು ನಾನೇ ಮುಂದೆ ಬಂದು ತಿಳಿಸಿದ್ದರಿಂದ ಕಾರನ್ನೂ ಹಿಡಿದಿಟ್ಟರು! ಮೇಲಧಿಕಾರಿ ನಾಳೆ ಮಧ್ಯಾಹ್ನ ಬಂದು ಸಹಿ ಹಾಕುವವರೆಗೆ ಕಾರು, ಸೂಟ್‌ಕೇಸ್ ಮತ್ತು ನಾನು ಅಲ್ಲೇ ಇರಬೇಕು. ಸುಮಂಗಲಳ ಚೀಲದಲ್ಲಿ ಎರಡು ಸೀರೆ, ನಕ್ಷೆ, ದುರ್ಬೀನು ಬಿಟ್ಟರೆ ಏನೂ ಸಿಗಲಿಲ್ಲ.

"ನಾಳೆ ಮಧ್ಯಾಹ್ನ ಅಂದ್ರೆ ದೋಣಿ?" ಎಂದಳು ಅವಳು. ಮೂವತ್ತು ವರ್ಷದ ನದಿಗೆ ಮೂರು ವಿಭೂತಿ ಗಟ್ಟಿ ಅಡ್ಡ ಬಂದಿದ್ದವು. ನನಗೂ ಬೇಸರವಾಯಿತು, ಸುಳ್ಳು ಹೇಳುವುದಿಲ್ಲ.

"ಏನ್ಮಾಡಾಕಾಗುತ್ತೆ ಸುಮಾ? ಹಣೇಲಿ ಬರ್ದಿಲ್ಲ ಅನ್ಕ," ಎಂದೆ, ಈಗಷ್ಟೇ ತೊಳೆದ ಹಣೆ ಮುಟ್ಟಿಕೊಂಡು.

ನಮ್ಮ ಹಿಂದಿನ ಜೀಪಿನಲ್ಲಿ ಕೇಪ್‌ಟೌನಿನ ಒಂದು ನಿವೃತ್ತ ಜೋಡಿ ಇತ್ತು. ಸುಮಂಗಲ ಅವರ ಹತ್ತಿರ ಹೋಗಿ ನಕ್ಷೆ ಬಿಡಿಸಿ ಏನೋ ಮಾತಾಡಿದಳು. ಆ ಹೆಂಗಸು ಒಕವಾಂಗೊ ಎಂದಿತು, ಇವಳು ಒಕವಾಂಗೊ ಎಂದಳು. ಜೀಪಿನ ಹಿಂಬಾಗಿಲು ತೆರೆಯಿತು.

"ಅವ್ರೂ ಮೌನ್‌ಗೇ ಹೋಗ್ತಾರಂತೆ. ಬಾ ಅಂದ್ರು," ಎಂದಳು, ಚೀಲ ಹೆಗಲಿಗೇರಿಸುತ್ತ.

"ಮತ್ತೆ ನಾನು?"

"ಬೆಂಚ್ ಐತಲ್ಲ, ಕುಂತ್ಕಳ್ರಿ. ನಾನ್ ನೋಡ್ಕಂಡ್ ಬರ್ತೀನಿ."

"ಲೇ, ಗಂಡನ್ನ ಬಿಟ್ಟು ಹೋಗ್ತೀಯೇನೇ?"

"ನೀರು ತಾನೇ? ಅದ್ನ ನೋಡಾಕೆ ನೀವ್ಯಾಕೆ ಬರ್ಬೇಕು?"

ಹೋಗುವುದಿಲ್ಲ ಎಂದುಕೊಂಡಿದ್ದೆ. ಹತ್ತಿದ ಮೇಲಾದರೂ ಇಳಿಯುತ್ತಾಳೆ ಎಂದುಕೊಂಡೆ. ಕೊನೆಗೆ ತಿರುಗಿಯಾದರೂ ನೋಡುತ್ತಾಳೆ ಎಂದು ಕೈ ಎತ್ತಿಕೊಂಡೇ ನಿಂತಿದ್ದೆ. ಪಶುವೈದ್ಯೆ ಬಂದು, ಇನ್ನು ಕೈ ಇಳಿಸಬಹುದು, ತಪಾಸಣೆ ಮುಗಿಯಿತು ಎಂದರು.

ಮರುದಿನವೆಲ್ಲ ನಾನು ಆ ಬೆಂಚಿನಲ್ಲಿ ಕೂತಿದ್ದೆ. ಸಂಜೆ ಕಾರು ಬಿಟ್ಟರು. ಅದರ ಮಾರನೇ ದಿನ ಮೌನ್ ಮುಟ್ಟಿದಾಗ ಸುಮಂಗಲ ವಿಮಾನ ನಿಲ್ದಾಣದ ಬಾಗಿಲಲ್ಲಿ ಕಾಯುತ್ತಿದ್ದಳು. ಎಷ್ಟು ಬೇಗ ಮುಟ್ಟಿದೆನೆಂದು ಹೇಳಹೊರಟೆ. ಅವಳು ಕೇಳಲಿಲ್ಲ.

ಊರಿಗೆ ಬಂದೊಡನೆ ಅಕ್ಕನ ಫೋನು. "ವಿಭೂತಿ ಸಾಕಾಯ್ತೇನೋ?"

"ಅಲ್ಲಿಯೋರು ಮಿಕ್ಕಿದ್ದನ್ನೆಲ್ಲ ಇಸ್ಕಂಡ್ರಕ್ಕ."

"ಪಾಪ, ಎಂಥ ಭಕ್ತ್ರೋ! ಇನ್ನೊಂದಿಪ್ಪತ್ತು ಮಾಡಿ ಇಟ್ಟಿರ್ತೀನಿ ತಗಾ."

ಈಗ ಶಾಲೆಗಳವರು ಒಕವಾಂಗೊ ಬಗ್ಗೆ ಮಾತಾಡಲು ಸುಮಂಗಲಳನ್ನು ಕರೆಯುತ್ತಾರೆ. ಅವಳ ಬಳಿ ಆ ಕೇಪ್‌ಟೌನಿನವರು ತೆಗೆದ ಒಂದು ಫೋಟೊ ಇದೆ. ಸಪೂರ ದೋಣಿ, ಸುತ್ತ ಜೊಂಡು, ಸೀರೆಯ ಸೆರಗು ನೀರಲ್ಲಿ. ಬಾಯಿ ತುಂಬ ನಗುತ್ತಿದ್ದಾಳೆ. ಅದನ್ನು ನೋಡಿ ನನಗೇನೋ ಅನುಮಾನ ಬಂದು ನಮ್ಮ ಮದುವೆಯ ಆಲ್ಬಮ್ಮಿನಿಂದ ಹಿಡಿದು ಮೊಮ್ಮಗಳ ನಾಮಕರಣದವರೆಗಿನ ಎಲ್ಲ ಫೋಟೊಗಳನ್ನೂ ತೆಗೆದು ನೋಡಿದೆ. ಎಲ್ಲದರಲ್ಲೂ ಪಕ್ಕದಲ್ಲಿ ನಾನಿದ್ದೇನೆ. ಒಂದರಲ್ಲೂ ಅವಳು ಹೀಗೆ ನಕ್ಕಿಲ್ಲ.

ಆ ಫೋಟೊಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೇವೆ. ಬಂದವರೆಲ್ಲ ನೋಡಿ, ನಿಮ್ಮದೇನೂ ಫೋಟೊ ಇಲ್ಲವೇ ಎಂದು ನನ್ನನ್ನು ಕೇಳುತ್ತಾರೆ. ಮೊಳೆ ಹೊಡೆದವನು ನಾನೇ ಎಂದು ಹೇಳುತ್ತೇನೆ.