ಕಾಕಾನ ಇಪ್ಪತ್ತೆರಡು ಹಲ್ಲು

ಹಲ್ಲಿನ ಡಾಕ್ಟರ ಹತ್ತಿರ ಜನ ಹಲ್ಲು ತೋರಿಸಲಿಕ್ಕೆ ಬರುತ್ತಾರೆ ಅಂತ ಕಾಲೇಜಿನಲ್ಲಿ ಇದ್ದಾಗ ತಿಳಿದಿದ್ದೆ. ಹುಬ್ಬಳ್ಳಿಯಲ್ಲಿ ಕ್ಲಿನಿಕ್ಕು ತೆರೆದ ಮೇಲೆ ಗೊತ್ತಾಯಿತು, ಅವರು ಬರುವುದು ನನಗೆ ಬುದ್ಧಿ ಹೇಳಲಿಕ್ಕೆ. ವಾರಕ್ಕೆ ಒಂದಾದರೂ ಇಂಥದ್ದು ನಡೆಯದೆ ಇರುವುದಿಲ್ಲ. ಹೊರಗಿನವರಾದರೆ ಹೇಗೋ ತಡೆದುಕೊಳ್ಳಬಹುದು. ನನಗೆ ಮನೆಯವರದೇ ಕಾಟ.

ಮನೆಯವರು ಅಂದರೆ ನಮ್ಮ ಕಾಕಾ, ನಮ್ಮಪ್ಪನ ತಮ್ಮ. ಹತ್ತಿ ವ್ಯಾಪಾರಿ. ಅಪ್ಪ ತೀರಿಕೊಂಡಾಗ ನಾನು ಎಂಟನೇ ಇಯತ್ತೆಯಲ್ಲಿದ್ದೆ. ಅಲ್ಲಿಂದ ಡಾಕ್ಟರಾಗುವ ತನಕ ನನ್ನನ್ನು ಓದಿಸಿದವರು ಅವರು. ಕ್ಲಿನಿಕ್ಕಿನ ಹೊಸ ಕುರ್ಚಿಯ ಮೇಲೆ ಮೊದಲು ಕೂತವರೂ ಅವರೇ. ಆ ದಿನ ಅವರ ಬಾಯಿ ನೋಡಿ ಎಣಿಸಿದೆ. ಇಪ್ಪತ್ತೆರಡು ಹಲ್ಲು. ವಸಡು ಸ್ವಲ್ಪ ಸಡಿಲ, ಆದರೆ ದಿನಾ ಎರಡು ಸಲ ಸರಿಯಾಗಿ ತಿಕ್ಕಿ, ಆರು ತಿಂಗಳಿಗೊಮ್ಮೆ ಬಂದು ಸ್ವಚ್ಛ ಮಾಡಿಸಿಕೊಂಡರೆ ಕೊನೆತನಕ ಬಾಳುವ ಹಲ್ಲು. ಇವನ್ನು ಉಳಿಸಿಯೇ ತೀರುತ್ತೇನೆ ಅಂತ ಅವತ್ತು ಮನಸ್ಸಿನಲ್ಲೇ ಹಟ ತೊಟ್ಟೆ. ಇವರ ಹಲ್ಲನ್ನೇ ಉಳಿಸಲಾರದಿದ್ದರೆ ಇವರು ಓದಿಸಿದ ಓದು ಯಾತಕ್ಕೆ ಬಂತು?

ಮುಂದೆ ಏನೇನಾಯಿತೋ ಹೇಳುತ್ತೇನೆ. ನಗು ಬಂದರೆ ನಗಿರಿ, ನನ್ನದೇನೂ ಅಡ್ಡಿಯಿಲ್ಲ.

ಯಾಕ ಉಗುಳಬೇಕು?

ಒಂದು ಮಧ್ಯಾಹ್ನ ಕಾಕಾ ಪೇಸ್ಟಿನ ಟ್ಯೂಬನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದರು. ಹತ್ತಿಯ ಎಳೆ ಹಿಡಿದೆಳೆದು ಯಾವ ನೆಲದ ಮಾಲು ಅಂತ ಹೇಳುವ ಮನುಷ್ಯ. ಪೇಸ್ಟನ್ನೂ ಹಾಗೆಯೇ ಎರಡು ಬೆರಳಿನ ನಡುವೆ ಹಿಚುಕಿ, ಹೊಸೆದು, ಮೂಸಿ ನೋಡಿದರು.

"ಯವ್ವಾ, ಇದರಾಗ ಸುಣ್ಣದ ಕಲ್ಲು ಐತಿ, ಸಾಬೂನು ಐತಿ. ಎಲುಬಿನ ಪುಡಿನೂ ಹಾಕ್ತಾರಂತ. ಮೊಬೈಲಿನ್ಯಾಗ ಬಂದೈತಿ."

"ಎಲುಬು ಎಲ್ಲೀದ್ರಿ ಕಾಕಾ? ಇಲ್ಲಿ ನೋಡ್ರಿ, ಹಸಿರು ಬೊಟ್ಟು ಐತಿ. ಸಸ್ಯಾಹಾರ ಅಂತ ಗುರ್ತು."

"ಈ ಬೊಟ್ಟು ಇಟ್ಟವ್ರು ಯಾರು?"

"ಕಂಪನಿಯವ್ರು."

"ಮತ್ತ?" ಅಂದರು. ಅವರ ಮಟ್ಟಿಗೆ ವಾದ ಅಲ್ಲಿಗೆ ಮುಗಿದಿತ್ತು.

ಆಮೇಲೆ ಫ್ಲೋರೈಡಿನ ವಿಚಾರಕ್ಕೆ ಬಂದರು. ಅದು ವಿಷವಂತೆ. ನಾನು ಕುರ್ಚಿ ಎಳೆದುಕೊಂಡು ಕೂತು ಸಮಾಧಾನದಿಂದ ಹೇಳಿದೆ. ಕೆಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಅದು ಹೆಚ್ಚಾಗಿ ಹಲ್ಲು ಕೆಡುವುದು ನಿಜ. ಆದರೆ ಪೇಸ್ಟಿನಲ್ಲಿ ಇರುವುದು ಚೂರೇ ಚೂರು. ಬಟಾಣಿ ಕಾಳಿನಷ್ಟು ಪೇಸ್ಟು ಹಚ್ಚಿ, ತಿಕ್ಕಿ, ಉಗುಳಿದರೆ ಹಲ್ಲಿಗೆ ಅದರಿಂದಲೇ ಬಲ. ಕಾಕಾ ಪೂರ್ತಿ ಕೇಳಿದರು. ಒಪ್ಪಿಕೊಂಡರು ಅಂತ ನಾನು ಖುಷಿಪಡುವಷ್ಟರಲ್ಲಿ ಕೇಳಿದರು:

"ಅಷ್ಟು ಛಲೋದಿದ್ರ ಉಗುಳು ಅಂತ ಯಾಕ ಹೇಳ್ತಿ?"

ಟ್ಯೂಬನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಹೋದರು.

ಓದಿ ಹಿಂಗಾದಾಕಿ

ಮುಂದಿನ ಸಲ ಬಂದಾಗ ಹಲ್ಲುಗಳ ಬುಡ ಸವೆದಿತ್ತು. ಯಾರೋ ಅರ ಹಾಕಿ ಉಜ್ಜಿದ ಹಾಗಿತ್ತು.

"ಏನು ಹಚ್ಚಾಕತ್ತೀರಿ ಕಾಕಾ?"

"ವಿಭೂತಿ" ಅಂದರು, ಹೆಮ್ಮೆಯಿಂದ. ಗಟ್ಟಿಯನ್ನು ಕುಟ್ಟಿ, ಬಟ್ಟೆಯಲ್ಲಿ ಸೋಸಿ, ಡಬ್ಬಿಯಲ್ಲಿ ತುಂಬಿಟ್ಟುಕೊಂಡಿದ್ದರಂತೆ. "ಹಣಿಗೆ ಹಚ್ಚಿದ್ರ ಜನ್ಮದ ಪಾಪ ಹೋಗ್ತೈತಿ. ಹಲ್ಲಿನ ಹೊಲಸು ಹೋಗಾಂಗಿಲ್ಲೇನು?"

ಬೂದಿ ಒರಟು, ಅದರಿಂದ ತಿಕ್ಕಿದರೆ ಹಲ್ಲಿನ ಮೇಲಿನ ಪದರ ಸವೆಯುತ್ತದೆ, ಒಮ್ಮೆ ಸವೆದದ್ದು ಮತ್ತೆ ಬೆಳೆಯುವುದಿಲ್ಲ ಅಂತ ನಾನು ಹೇಳುತ್ತಿದ್ದರೆ ಅವರು ಹೊಟ್ಟೆ ಹಿಡಿದುಕೊಂಡು ಕೂತಿದ್ದರು.

"ಯಾಕ್ರಿ, ಹೊಟ್ಟಿಗೇನಾತು?"

"ನಾಕು ದಿನ ಆತು, ಹೊಟ್ಟಿ ಕಲ್ಲಾಗೇತಿ. ಹೊರಕಡಿಗೇ ಆಗವಲ್ದು."

ನನಗೆ ಅನುಮಾನ ಬಂತು. "ಕಾಕಾ, ವಿಭೂತಿ ಹಚ್ಚಿ ತಿಕ್ಕಿದ ಮ್ಯಾಲೆ ಉಗುಳ್ತೀರಿಲ್ಲೋ?"

ಅವರು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. "ಉಗುಳಾಕ ಬರ್ತೈತೇನವ್ವಾ? ವಿಭೂತಿ ಅದು. ನುಂಗ್ತೇನಿ."

ದಿನಾ ಮುಂಜಾನೆ ಒಂದು ಚಮಚ. ಎರಡು ತಿಂಗಳಿಂದ. ನನಗೆ ತಡೆಯಲಾಗಲಿಲ್ಲ. "ವಿಭೂತಿ ಬಾಯಿಗೆ ಹಾಕಬ್ಯಾಡ್ರಿ, ಇವತ್ತಿನಿಂದ ಬಂದ್ ಮಾಡ್ರಿ!" ಅಂತ ಸ್ವಲ್ಪ ಜೋರಾಗಿಯೇ ಕೂಗಿಬಿಟ್ಟೆ. ಪರದೆಯ ಆಚೆ ಸರದಿಗೆ ಕೂತಿದ್ದ ಒಬ್ಬ ಅಜ್ಜಿ ಪರದೆ ಸರಿಸಿ ತಲೆ ಒಳಗೆ ಹಾಕಿದಳು. ಹಣೆಯ ತುಂಬ ಮೂರು ಪಟ್ಟೆ.

"ವಿಭೂತಿ ಬ್ಯಾಡ ಅಂದ್ರೇನ್ರೀ? ಈ ಡಾಕ್ಟರವ್ವ ಯಾವ ಜಾತಿ ಪೈಕಿರಿ?"

ಕಾಕಾ ಕೂತಲ್ಲಿಂದಲೇ ನನ್ನ ಮಾನ ಕಾಪಾಡಿದರು. "ನಮ್ಮ ಪೈಕಿನ ರೀ ಯವ್ವಾ. ನಮ್ಮಣ್ಣನ ಮಗಳು. ಓದಿ ಹಿಂಗಾಗ್ಯಾಳ."

ಅಜ್ಜಿ ನನ್ನನ್ನು ಕನಿಕರದಿಂದ ನೋಡಿ, ಚೀಟಿ ವಾಪಸು ಕೊಟ್ಟು ಹೋದಳು. ಆ ವರ್ಷದ ಕೊನೆಗೆ ಕಾಕಾನ ಬಾಯಲ್ಲಿ ಉಳಿದದ್ದು ಹದಿನೇಳು.

ಕಲಬೆರಕೆ

ಇದು ಕಾಕಾನದ್ದಲ್ಲ, ಶಿರಗುಪ್ಪಿ ಕಡೆಯಿಂದ ಬಂದಿದ್ದ ಒಬ್ಬ ಹೆಣ್ಣುಮಗಳದ್ದು. ಆದರೆ ಇದನ್ನು ಹೇಳದಿದ್ದರೆ ನಾನು ರಾತ್ರಿ ಊಟಕ್ಕೆ ಕೂತಾಗ ಯಾಕೆ ಒಬ್ಬಳೇ ಗೊಣಗುತ್ತೇನೆ ಅಂತ ನಿಮಗೆ ತಿಳಿಯುವುದಿಲ್ಲ.

ನಮ್ಮ ಕಡೆ ತಂಬಾಕನ್ನು ಕರ್ರಗೆ ಹುರಿದು, ಪುಡಿ ಮಾಡಿ ಹಲ್ಲಿಗೆ ತಿಕ್ಕುವವರು ಇನ್ನೂ ಇದ್ದಾರೆ. ಅದಕ್ಕೆ ಮಿಶ್ರಿ ಅನ್ನುತ್ತಾರೆ. ಇವಳ ಹಲ್ಲೆಲ್ಲ ಕಪ್ಪು, ಕೆನ್ನೆಯ ಒಳಗೆ ಒಂದು ಬಿಳಿ ಕಲೆ.

"ಪೇಸ್ಟ್ ಹಚ್ಚೂದಿಲ್ಲೇನವ್ವಾ?"

"ಹಚ್ತಿದ್ದೆರೀ. ಪೇಸ್ಟಿನ್ಯಾಗ ಕ್ಯಾನ್ಸರ್ ಬರೂವಂಥಾ ಕೆಮಿಕಲ್ ಇರ್ತಾವು ಅಂತ ನಮ್ಮ ಮೈದುನ ಮೊಬೈಲಿನ್ಯಾಗ ತೋರಿಸಿದ. ಅವತ್ತಿನಿಂದ ಪೇಸ್ಟ್ ಬಿಟ್ಟು ಮಿಶ್ರಿ ಹಿಡದೇನ್ರೀ."

ಹೊರಗೆ ಇದ್ದವರನ್ನು ಕಾಯಲಿಕ್ಕೆ ಹೇಳಿ, ಅವಳ ಎದುರು ಕೂತು, ತಂಬಾಕು ಬಾಯಿಗೆ ಏನು ಮಾಡುತ್ತದೆ ಅನ್ನುವುದನ್ನು ಫೋಟೋ ತೋರಿಸಿ ತೋರಿಸಿ ಹೇಳಿದೆ. ಅವಳು ಕೆನ್ನೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯ ಶಿವನ, ಅಯ್ಯ ಶಿವನ" ಅನ್ನುತ್ತ ಕೇಳಿದಳು. ಕಣ್ಣಲ್ಲಿ ನೀರು ಬಂತು. ನಡುವಿಗೆ ಸಿಗಿಸಿದ್ದ ಡಬ್ಬಿ ತೆಗೆದು ನನ್ನ ಮೇಜಿನ ಮೇಲೆ ಇಟ್ಟೇಬಿಟ್ಟಳು. ಒಬ್ಬಳಾದರೂ ಕೇಳಿದಳಲ್ಲ ಅಂತ ನನಗೂ ಕಣ್ಣು ತುಂಬಿತು.

"ನೀವು ಹೇಳೂದು ಖರೇ ಐತ್ರಿ" ಅಂದಳು. "ಪ್ಯಾಟ್ಯಾಗಿನ ಮಿಶ್ರ್ಯಾಗ ಏನೇನೋ ಬೆರಸ್ತಾರ. ಇನ್ನ ಮ್ಯಾಲೆ ನಾನ ಮನ್ಯಾಗ ಹುರಕೋತೇನ್ರಿ."

ಮತ್ತೆ ಕೂರಿಸಿ, ಮೊದಲ ಫೋಟೋದಿಂದ ಶುರು ಮಾಡಿದೆ.

ಅರ್ಧ ತಾಸಿನ ಸುಖ

ಕಾಕಾನ ಮನೆಯಲ್ಲಿ ನನಗೆ ಒಬ್ಬ ಬೇಹುಗಾರರಿದ್ದರು, ಕಾಕಾನ ಹೆಂಡತಿ, ನಮ್ಮ ಕಾಕು. ಕಾಕಾ ಇವತ್ತು ಇದ್ದಲಿ ಹಚ್ಚಿದರು, ಇವತ್ತು ಉಪ್ಪು ಅರಿಷಿಣ ಕಲಸಿದರು, ಇವತ್ತು ಮೊಬೈಲ್ ನೋಡಿ ಲಿಂಬೆಹಣ್ಣು ತಿಕ್ಕಿಕೊಂಡು ಕುಣಿದಾಡಿದರು ಅಂತ ದಿನಾ ಫೋನಿನಲ್ಲಿ ವರದಿ ಕೊಡುತ್ತಿದ್ದರು. ನಾನು ಕೂಡಲೇ ಕಾಕಾಗೆ ಫೋನು ಮಾಡಿ ಬೈಯುತ್ತಿದ್ದೆ. ಒಮ್ಮೆ ಇದ್ದಕ್ಕಿದ್ದಂತೆ ವರದಿ ನಿಂತಿತು. ಹದಿನೈದು ದಿನ ನೋಡಿ ನಾನೇ ಫೋನು ಮಾಡಿದೆ.

"ಏನಿಲ್ಲ ತಗಿ" ಅಂದರು ಕಾಕು, ದನಿ ಸಣ್ಣಗೆ ಮಾಡಿ. "ಈಗ ಮುಂಜಾನೆದ್ದು ಕುಸುಬಿ ಎಣ್ಣಿ ಬಾಯಾಗ ಹಾಕ್ಕೊಂಡು ಅರ್ಧಾ ತಾಸು ಮುಕ್ಕಳಸ್ತಾರ."

"ಕಾಕು, ಬರೇ ಎಣ್ಣಿಯಿಂದ ಹಲ್ಲಿನ ಕಿಟ್ಟ ಹೋಗೂದಿಲ್ರಿ. ಬ್ರಶ್ ಮಾಡಾಕ ಹೇಳ್ರಿ. ಇಲ್ಲಾಂದ್ರ ನಾನ ಬಂದು ಬಿಡಿಸ್ತೇನಿ."

ಕಾಕು ಗೋಗರೆದರು:

"ಯವ್ವಾ, ನಲವತ್ತು ವರ್ಷದ ಸಂಸಾರದಾಗ ಅವ್ರು ಮುಂಜಾನೆ ಅರ್ಧಾ ತಾಸು ಸುಮ್ಮಕ ಇದ್ದದ್ದು ಇದೇ ಮೊದಲು. ಎಣ್ಣಿ ಬಾಯಾಗಿರೂತನ ಚಾ ಯಾಕ ತಣ್ಣಗಾತು ಅನ್ನಾಂಗಿಲ್ಲ, ಪೇಪರ್ ಎಲ್ಲಿ ಅನ್ನಾಂಗಿಲ್ಲ. ನಿನಗ ಕೈ ಮುಗೀತೇನಿ, ಇದೊಂದು ಬಿಡಿಸಬ್ಯಾಡ."

ನಾನು ಬಿಡಿಸಲಿಲ್ಲ. ಕಾಕುಗೆ ಸುಖ ಸಿಕ್ಕಿತು, ಕಾಕಾನ ಹಲ್ಲು ಹನ್ನೆರಡಕ್ಕೆ ಇಳಿಯಿತು.

ಬೇವಿನ ಶಕ್ತಿ

ಕೊನೆಗೆ ಬೇವಿನ ಕಡ್ಡಿಗೆ ಬಂದರು. ಖರೇ ಹೇಳಬೇಕೆಂದರೆ ನನಗೆ ಸಂತೋಷವಾಯಿತು. ಬೂದಿ, ಇದ್ದಲಿ, ಲಿಂಬೆಹಣ್ಣು ಇವೆಲ್ಲಕ್ಕಿಂತ ಅದು ಎಷ್ಟೋ ಪಾಲು ಲೇಸು. ತುದಿ ಜಗಿದು ಮೆತ್ತಗೆ ಮಾಡಿಕೊಳ್ಳಿ, ಹಗುರಾಗಿ ಆಡಿಸಿ, ವಸಡಿಗೆ ಚುಚ್ಚಬೇಡಿ ಅಂತ ಕ್ಲಿನಿಕ್ಕಿನಲ್ಲಿ ಕೂರಿಸಿ ಕಲಿಸಿದೆ. ಹಾಗೆಯೇ ಒಮ್ಮೆ ಕಿಟ್ಟ ತೆಗೆದು ಸ್ವಚ್ಛ ಮಾಡುತ್ತೇನೆ ಅಂದೆ. "ಬ್ಯಾಡ. ಸ್ವಚ್ಛ ಮಾಡಿದ್ರ ಹಲ್ಲು ಅಳ್ಳಾಡ್ತಾವು" ಅಂದರು. ಹಲ್ಲು ಅಳ್ಳಾಡುವುದೇ ಆ ಕಿಟ್ಟದಿಂದ ಅಂದರೆ ಕೇಳಬೇಕಲ್ಲ.

ಕಡ್ಡಿ ಬಾಯಲ್ಲಿಟ್ಟುಕೊಂಡೇ ವಖಾರಿಗೆ ಹೋಗುವುದು ಶುರುವಾಯಿತು. ಅಲ್ಲಿ ಹತ್ತಿಯ ಅಂಡಿಗೆ ಎಣಿಸುವಾಗಲೂ ಕಡ್ಡಿ, ಫೋನಿನಲ್ಲಿ ಮಾತಾಡುವಾಗಲೂ ಕಡ್ಡಿ. ಒಂದು ದಿನ ಯಾರೋ ದರದ ಮೇಲೆ ತಕರಾರು ತೆಗೆದರಂತೆ. ಕಾಕಾ ಸಿಟ್ಟಿನಿಂದ ಹಲ್ಲು ಕಚ್ಚಿ, ಮಾತಾಡಲಿಕ್ಕೆ ಕಡ್ಡಿಯನ್ನು ಸರಕ್ಕನೆ ಎಳೆದರು. ಕಡ್ಡಿಯ ಜೊತೆಗೆ ಮುಂದಿನ ಹಲ್ಲೂ ಬಂತು.

ಅದನ್ನು ಕಾಗದದಲ್ಲಿ ಕಟ್ಟಿಕೊಂಡು ನೇರ ನನ್ನ ಹತ್ತಿರ ಬಂದರು. ಮುಖದಲ್ಲಿ ದುಃಖವೇ ಇಲ್ಲ.

"ನೋಡು ಬೇವಿನ ಶಕ್ತಿ! ಕೆಟ್ಟ ಹಲ್ಲು ಯಾವುದು ಅಂತ ತಾನ ಹುಡುಕಿ ತಗೀತು. ನೀನಾಗಿದ್ರ ಎಕ್ಸ್‌ರೇ, ಇಂಜೆಕ್ಷನ್ ಅಂತ ಒಂದು ದಿನ ಹಾಳು ಮಾಡ್ತಿದ್ದಿ."

ನೀ ಮಾಡಿದ್ದು

ಹೋದ ವರ್ಷ ಉಳಿದದ್ದು ಆರು. ಆರೂ ಅಳ್ಳಾಡುತ್ತಿದ್ದವು, ಕೀವು ಬೇರೆ. ಉಳಿಸಲಿಕ್ಕೆ ಬರುವಂತಿರಲಿಲ್ಲ. ಬೇರೆಯವರ ಹತ್ತಿರ ಕಳಿಸೋಣ ಅಂತ ಅನಿಸಿತು, ಆದರೆ ಕಾಕಾ ಒಪ್ಪಲಿಲ್ಲ. ನಾನೇ ತೆಗೆದೆ. ಹಲ್ಲು ಕೀಳುವುದು ನನಗೆ ದಿನದ ಕೆಲಸ. ಆದರೆ ಅವತ್ತು ನನ್ನನ್ನು ಓದಿಸಿದ ಮನುಷ್ಯನ ಬಾಯನ್ನು ನನ್ನ ಕೈಯಾರೆ ಖಾಲಿ ಮಾಡಿದೆ. ಕೊನೆಯದನ್ನು ತಟ್ಟೆಗೆ ಹಾಕಿ, ಹತ್ತಿ ಕಚ್ಚಿಸಿ, ಮೂಲೆಗೆ ಹೋಗಿ ಅತ್ತುಬಿಟ್ಟೆ.

ಹಿಂದಿನಿಂದ ಕಾಕಾ ಭುಜ ತಟ್ಟಿದರು. ಸಮಾಧಾನ ಹೇಳಲಿಕ್ಕೆ ಬಂದರು ಅಂದುಕೊಂಡೆ. ಬಾಯೊಳಗಿನ ಹತ್ತಿ ಕೈಯಲ್ಲಿತ್ತು. ಎಳೆ ಜಗ್ಗಿ ನೋಡಿ, ಬೊಚ್ಚು ಬಾಯಲ್ಲಿ ಕಷ್ಟಪಟ್ಟು ಹೇಳಿದರು: "ಈ ಹತ್ತಿ ಯಾರು ಕೊಟ್ರು ನಿನಗ? ಎಳಿ ಭಾಳ ಗಿಡ್ಡ ಐತಿ. ಮೋಸ ಮಾಡ್ಯಾರ."

ಗಾಯ ಮಾಯ್ದ ಮೇಲೆ ಹಲ್ಲಿನ ಸೆಟ್ಟು ಮಾಡಿಕೊಟ್ಟೆ. ಮೂರು ಸಲ ಅಳತೆ ತೆಗೆದು, ಬಣ್ಣ ಹೊಂದಿಸಿ, ಮೊದಲಿನ ನಗುವಿಗೆ ಹೋಲುವ ಹಾಗೆ ಮಾಡಿದೆ. ನನ್ನ ಕೈಯಿಂದ ಅಷ್ಟು ಚೆಂದದ ಸೆಟ್ಟು ಬೇರೆ ಯಾರಿಗೂ ಆಗಿಲ್ಲ. ಸ್ವಚ್ಛ ಮಾಡುವ ಬಗೆ ಹೇಳಲಿಕ್ಕೆ ಹೋದರೆ, "ಹಲ್ಲು ತಿಕ್ಕೂದು ನನಗ ಕಲಸ್ತಿ?" ಅಂತ ಎದ್ದು ಹೋದರು.

ಒಂದು ತಿಂಗಳ ಮೇಲೆ, ಭಾನುವಾರ ಮುಂಜಾನೆ ಅವರ ಮನೆಗೆ ಹೋದೆ. ಕಾಕಾ ಹಿತ್ತಲ ನಳದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಿದ್ದರು. ಎಡ ಅಂಗೈಯಲ್ಲಿ ಸೆಟ್ಟು, ಬಲಗೈಯಲ್ಲಿ ಬ್ರಶ್. ಪಕ್ಕದ ಕಲ್ಲಿನ ಮೇಲೆ ಪೇಸ್ಟಿನ ಟ್ಯೂಬು! ಒಂದೊಂದೇ ಹಲ್ಲಿಗೆ ಹಚ್ಚಿ, ಮುಂದೆ, ಹಿಂದೆ, ಸಂದಿಯಲ್ಲಿ, ಮುತ್ತು ತೊಳೆದ ಹಾಗೆ ತಿಕ್ಕುತ್ತಿದ್ದರು. ಇಷ್ಟು ವರ್ಷ ನಾನು ಬಡಕೊಂಡದ್ದು ಇದನ್ನೇ.

"ಕಾಕಾ! ಪೇಸ್ಟ್ ಹಚ್ಚಾಕತ್ತೀರಿ?"

ಅವರು ಸೆಟ್ಟು ತೊಳೆದು ಬಾಯಿಗೆ ಇಟ್ಟುಕೊಂಡು ಹೇಳಿದರು: "ಮತ್ತೇನು ಇವಕ್ಕ ಬೂದಿ ಹಚ್ಚಲೇನು? ನನ್ನ ಹಲ್ಲು ಹೆಂಗೂ ಹೋಗೂವ ಇದ್ದೂ, ಹೋದೂ. ಇವು ನೀ ಮಾಡಿದ್ದು. ನೀ ಮಾಡಿದ್ದು ಕೆಡಬಾರ್ದು."

ಮಾತಾಡದೆ ಅಲ್ಲಿಂದ ಒಳಗೆ ಹೋಗಿಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಏನು ಮಾಡಲಿ, ಡಾಕ್ಟರು. ಪೇಸ್ಟಿನಿಂದ ಸೆಟ್ಟಿನ ಪ್ಲಾಸ್ಟಿಕ್ಕಿಗೆ ಸಣ್ಣ ಸಣ್ಣ ಗೀರು ಬಿದ್ದು, ಗೀರಿನಲ್ಲಿ ಹೊಲಸು ಕೂಡುತ್ತದೆ. ಕಣ್ಣು ಒರೆಸಿಕೊಂಡು, ಆದಷ್ಟು ಮೆಲ್ಲಗೆ ಹೇಳಿದೆ:

"ಕಾಕಾ, ಇವಕ್ಕ ಪೇಸ್ಟ್ ಹಚ್ಚಬಾರ್ದ್ರಿ. ಬರೇ ಸಾಬೂನು ನೀರು ಸಾಕು."

ಕಾಕಾ ಮೆಲ್ಲಗೆ ಎದ್ದು, ಧೋತರ ಸರಿ ಮಾಡಿಕೊಂಡು, ಕಂಪೌಂಡ್ ಗೋಡೆಯ ಹತ್ತಿರ ಹೋದರು. ಆಚೆಮನೆಯ ಯಜಮಾನರು ಅಲ್ಲಿ ಬಾಯಿ ತುಂಬ ನೊರೆ ಮಾಡಿಕೊಂಡು ಹಲ್ಲು ತಿಕ್ಕುತ್ತಿದ್ದರು.

"ಕೇಳಿದ್ರೇನ್ರೀ?" ಅಂತ ನಾನು ಮಾಡಿಕೊಟ್ಟ ಎಲ್ಲ ಹಲ್ಲೂ ಕಾಣುವ ಹಾಗೆ ನಗುತ್ತ ಕೂಗಿದರು. "ಪೇಸ್ಟ್ ಹಚ್ಚಬಾರ್ದಂತ! ನಾ ಹೇಳಾಕತ್ತಿಲ್ಲ, ಡಾಕ್ಟರ್ ಹೇಳಾಕತ್ತಾಳ! ಇಷ್ಟು ವರ್ಷಕ್ಕ ಇವತ್ತ ಒಪ್ಪಿಕೊಂಡ್ಳು!"

ಆಚೆಮನೆಯವರು ಗಾಬರಿಯಿಂದ ನೊರೆ ಉಗುಳಿ, ಬಾಯಿ ತೊಳೆಯಲಿಕ್ಕೆ ಒಳಗೆ ಓಡಿದರು.