ಕಪಾಟಿನ ಕೆಳಗೆ ಆದ್ಯ ಪ್ರವರ್ತಕ

ನನಗೆ ಐವತ್ತು ತುಂಬುವ ಭಾನುವಾರ ಊಟವಾದ ಮೇಲೆ ನಮ್ಮ ಕಟ್ಟಡದ ಹಿಂದಿನ ಗ್ಯಾರೇಜುಗಳ ಚಾವಣಿಯಿಂದ ಎದುರಿನ ಗೋಡೆಗೆ ಹಾರುತ್ತೇನೆ, ಇಡೀ ಎವ್ರಿ ಪಟ್ಟಣ ಬಂದು ನೋಡಲಿ ಎಂದು ನಾನು ಊಟದ ಮೇಜಿನಲ್ಲಿ ಘೋಷಿಸಿದೆ. ಸೂಪು ಬಡಿಸುತ್ತಿದ್ದ ಹೆಂಡತಿ ಗ್ರಾಸಿಂದಳ ಸೌಟು ಅಲುಗಲೂ ಇಲ್ಲ.

"ಹಾರು, ಬೇಡ ಅಂದೋರು ಯಾರು. ಅದಕ್ಕೆ ಮೊದಲು ಮಲಗೋ ಕೋಣೆ ಕಪಾಟನ್ನ ಗೋಡೆಗೆ ಬಿಗಿ ಮಾಡು. ಎಷ್ಟು ಸಲ ಹೇಳೋದು?" ಅಂದಳು.

ಇತಿಹಾಸಪುರುಷನ ಕೈಗೆ ಹೆಂಡತಿ ಸುತ್ತಿಗೆ ಕೊಡುವುದು ಪ್ರಪಂಚದಲ್ಲಿ ಇದೇ ಮೊದಲಲ್ಲ. ನಾನು ಸೂಪು ಕುಡಿದೆ.

ಇತಿಹಾಸಪುರುಷ ಎಂದದ್ದು ಬರೀ ಬಾಯಿಮಾತಲ್ಲ. ಗೋಡೆ, ಕಂಬಿ, ಮೆಟ್ಟಿಲು ಅಡ್ಡ ಬಂದರೆ ಸುತ್ತಿ ಬಳಸಿ ಹೋಗದೆ ಅದರ ಮೇಲೆಯೇ ಓಡಿ, ಹಾರಿ, ನೇತಾಡಿ ದಾಟುವ ಪಾರ್ಕೂರ್ ವಿದ್ಯೆ ಹುಟ್ಟಿದ್ದು ಪ್ಯಾರಿಸ್ಸಿನ ದಕ್ಷಿಣಕ್ಕಿರುವ ನಮ್ಮ ಈ ಕಾಂಕ್ರೀಟು ಊರುಗಳಲ್ಲಿ. ಆಗ ನಾವು ಹುಡುಗರು. ಅಕ್ಕಪಕ್ಕದವರು ನಮ್ಮನ್ನು ಹುಚ್ಚರೆಂದರು, ಪೊಲೀಸರು ಕಳ್ಳರೆಂದರು. ಈಗ ಲೋಕ ಆದ್ಯ ಪ್ರವರ್ತಕರು ಎನ್ನುತ್ತದೆ. ನಮ್ಮಲ್ಲಿ ಕೆಲವರ ಹೆಸರು ದೇಶದೇಶಗಳಲ್ಲಿ ಗೊತ್ತು. ಸಿಲ್ವೇರ್ ಎಂಬ ನನ್ನ ಹೆಸರು ನಮ್ಮ ಕಟ್ಟಡದ ಅಂಚೆಪೆಟ್ಟಿಗೆಯ ಮೇಲಿದೆ. ಹೊಟ್ಟೆಪಾಡಿಗೆ ನಾನು ಲಿಫ್ಟು ರಿಪೇರಿಯ ಕೆಲಸ ಹಿಡಿದೆ. ಮೆಟ್ಟಿಲನ್ನು ಕಂಡರೆ ಹಾರುತ್ತಿದ್ದವನು ಲಿಫ್ಟಿನ ಕಾಲು ಹಿಡಿದ ಎಂದು ಗ್ರಾಸಿಂದ ಮದುವೆಯಾದಾಗಿನಿಂದ ನೆಂಟರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಘೋಷಣೆಗೆ ಕಾರಣ ನಮ್ಮ ಮಗಳು ಒರಿಯಾನ್. ಅವಳಿಗೆ ಹದಿನಾರು. ಹೊತ್ತು ಗೊತ್ತಿಲ್ಲದೆ ಪಾರ್ಕೂರ್ ವಿಡಿಯೊ ನೋಡುತ್ತಾಳೆ. ಯಾವುದೋ ದೇಶದ ಹುಡುಗರು ಮಹಡಿಯಿಂದ ಮಹಡಿಗೆ ಮೀನಿನ ಹಾಗೆ ಜಿಗಿಯುತ್ತಿರುತ್ತಾರೆ. ನಾನು ಅವಳ ಭುಜದ ಹಿಂದೆ ನಿಂತು, ಈ ಜಿಗಿತ ನಮ್ಮ ಕಾಲದಲ್ಲಿ ಹೀಗಿರಲಿಲ್ಲ, ಈ ಹಿಡಿತ ನಾವು ಮಳೆಯಲ್ಲಿ ಮಾಡುತ್ತಿದ್ದೆವು ಎಂದು ವಿವರಿಸುತ್ತಿರುತ್ತೇನೆ. ಒಂದು ದಿನ ಅವಳಿಗೆ ಆ ಕಾಲದ್ದೇ ಒಂದು ಮಸುಕು ವಿಡಿಯೊ ಸಿಕ್ಕಿತು. ಇದರಲ್ಲಿ ನೀನೆಲ್ಲಿದ್ದೀಯ ಎಂದು ಕೇಳಿದಳು. ನಾನು ಕನ್ನಡಕ ಹಾಕಿಕೊಂಡು ಹುಡುಕಿದೆ. ಎಲ್ಲರೂ ಹಾರಿ ಮುಗಿದ ಮೇಲೆ ಚಿತ್ರದ ಅಂಚಿನಿಂದ ಒಂದು ಬಿಳಿ ಶೂ ಮಾಯವಾಗುತ್ತದೆ. ಅದೋ, ಆ ಕಾಲು ನನ್ನದು ಎಂದೆ. ಅವಳು ಅದನ್ನು ನಿಲ್ಲಿಸಿ, ದೊಡ್ಡದು ಮಾಡಿ, ಬಹಳ ಹೊತ್ತು ನೋಡಿದಳು.

"ಇದು ಯಾರ ಕಾಲು ಬೇಕಾದ್ರೂ ಆಗಿರಬಹುದಪ್ಪ," ಎಂದಳು.

ಗೇಲಿ ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಕನಿಕರದಿಂದ ಹೇಳಿದಳು. ಅದು ಚುಚ್ಚಿತು.

ಭಾನುವಾರ ಬಂತು. ನನ್ನ ಸಾಹಸಕ್ಕೆ ಸಾಕ್ಷಿಯಾಗಲೆಂದು ಮಬಿಯಾಲನನ್ನು ಊಟಕ್ಕೆ ಕರೆದಿದ್ದೆ. ಅವನೂ ನಾನೂ ಒಂದೇ ಗೋಡೆಯಲ್ಲಿ ಮೊಣಕಾಲು ತರಚಿಕೊಂಡವರು. ಅವನ ಅಪ್ಪ ಅಮ್ಮ ಕಾಂಗೋದಿಂದ ಬಂದವರು, ನನ್ನವರು ಮಾರ್ತಿನೀಕ್ ದ್ವೀಪದಿಂದ. ಅವನು ಈಗ ಪಕ್ಕದ ಊರಿನ ವ್ಯಾಯಾಮಶಾಲೆಯಲ್ಲಿ ಮೇಷ್ಟರು. ಗಡ್ಡ ಪೂರ್ತಿ ಬೆಳ್ಳಗಾಗಿದೆ, ಸೊಂಟ ಮಾತ್ರ ಹಾಗೇ ಇದೆ. ಅವನ ಸೊಂಟ ನೆನಪಾದದ್ದೇ ತಪ್ಪಾಯಿತು. ಒಲೆಯಲ್ಲಿ ಈರುಳ್ಳಿ ಆಲೂಗಡ್ಡೆಯ ಜೊತೆ ಒಣಮೀನು ಬೇಯುತ್ತಿತ್ತು, ಗ್ರಾಸಿಂದ ಮೇಜು ಸಜ್ಜು ಮಾಡುತ್ತಿದ್ದಳು. ನಾನು ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಜನರ ಮುಂದೆ ಮರ್ಯಾದೆ ಹೋಗುವ ಮೊದಲು ತೋಳುಗಳನ್ನು ಒಮ್ಮೆ ಪರೀಕ್ಷಿಸಿಕೊಳ್ಳೋಣ, ಓಡಿಬಂದು ಗೋಡೆಗೊಂದು ಕಾಲು ಕೊಟ್ಟು ಅಂಚು ಹಿಡಿದು ಮೇಲೇಳಲು ಇನ್ನೂ ಆಗುತ್ತದೋ ಇಲ್ಲವೋ ನೋಡಿಬಿಡೋಣ ಎನ್ನುವುದು ನನ್ನ ಲೆಕ್ಕ.

ಆ ಕೋಣೆಯಲ್ಲಿ ಹಿಡಿಯಲು ಇದ್ದ ಎತ್ತರದ ಅಂಚು ಒಂದೇ. ಗ್ರಾಸಿಂದಳ ಅಜ್ಜಿ ಪೋರ್ಚುಗಲ್‌ನ ಬೆಟ್ಟದೂರಿನಿಂದ ಬಳುವಳಿಯಾಗಿ ಕೊಟ್ಟ ಕಪಾಟು. ಗಟ್ಟಿ ಮರದ್ದು. ಮನೆಗೆ ತಂದ ದಿನ ಹೊತ್ತವರು ಮೆಟ್ಟಿಲ ತಿರುವಿನಲ್ಲಿ ಇಳಿಸಿ ಕೂತು ದೇವರನ್ನು ಕರೆದಿದ್ದರು.

ಓಡಿದೆ. ಕಾಲು ಕೊಟ್ಟೆ. ಅಂಚು ಸಿಕ್ಕಿತು. ಹೇಳಲೇಬೇಕು, ಆ ಅರೆಗಳಿಗೆ ಅದ್ಭುತವಾಗಿತ್ತು. ತೋಳುಗಳು ಮರೆತಿರಲಿಲ್ಲ, ಗದ್ದ ಕಪಾಟಿನ ತಲೆಯ ಮೇಲಕ್ಕೆ ಬಂತು, ಅಲ್ಲಿನ ಧೂಳು ಕಾಣಿಸಿತು. ಆಮೇಲೆ ನಾನು ಏರುತ್ತಿಲ್ಲ, ಕಪಾಟೇ ಬಾಗುತ್ತಿದೆ ಎಂದು ಅರ್ಥವಾಯಿತು.

ಕೈಬಿಟ್ಟು ಪಕ್ಕಕ್ಕೆ ಉರುಳಿದೆ. ಉರುಳುವುದನ್ನು ಯೌವನದಲ್ಲಿ ಕಲಿತಿದ್ದರಿಂದ ತಲೆ ಉಳಿಯಿತು. ಕಪಾಟಿನ ಮೇಲ್ಭಾಗ ಕಬ್ಬಿಣದ ಮಂಚಕ್ಕೆ ಬಡಿದು ಓರೆಯಾಗಿ ನಿಂತಿತು. ಅದರ ಕದಗಳು ತೆರೆದುಕೊಂಡು ಕಂಬಳಿಗಳೂ ದಿಂಬುಗಳೂ ಗ್ರಾಸಿಂದಳ ಚಳಿಗಾಲದ ಉಡುಪುಗಳೂ ನನ್ನ ಮೇಲೆ ಸುರಿದವು. ಎಲ್ಲ ನಿಶ್ಶಬ್ದವಾದ ಮೇಲೆ ಎದ್ದೇಳಲು ನೋಡಿದೆ. ಬಲಗಾಲು ನನ್ನ ಜೊತೆ ಬರಲಿಲ್ಲ. ಪಾದ ಕಪಾಟಿಗೂ ಮಂಚದ ಕಾಲಿಗೂ ನಡುವೆ ಸಿಕ್ಕಿಕೊಂಡಿತ್ತು.

ಬಾಗಿಲು ಒಳಕ್ಕೆ ತೆರೆಯುವಂಥದ್ದು. ಗ್ರಾಸಿಂದ ಓಡಿಬಂದು ತಳ್ಳಿದಳು. ಅಂಗೈಯಗಲ ತೆರೆದು ಕಪಾಟಿಗೆ ತಾಗಿ ನಿಂತಿತು. ಆ ಸಂದಿಯಲ್ಲಿ ಅವಳ ಒಂದು ಕಣ್ಣು ಕಾಣಿಸಿತು. ಇಷ್ಟು ವರ್ಷದ ಸಂಸಾರದಲ್ಲಿ ಎರಡು ಕಣ್ಣಿನಲ್ಲಿ ಕಾಣದ ಕೋಪ ಆ ಒಂದರಲ್ಲಿತ್ತು.

"ಮೊಳೆ ಹೊಡೀತಿದ್ಯಾ?"

"ಇಲ್ಲ."

ಕಣ್ಣು ಕೆಳಗಿಳಿದು ನನ್ನ ಪಾದದ ಕಡೆ ಹೋಯಿತು. ಆಮೇಲೆ ಕೋಪವಿರಲಿಲ್ಲ. "ಸಿಲ್ವೇರ್, ಬೆರಳು ಅಲ್ಲಾಡಿಸು," ಎಂದಳು. ನಾನು ಅಲ್ಲಾಡಿಸಿದೆ ಎಂದುಕೊಂಡೆ. ಅಲ್ಲಾಡಲಿಲ್ಲ ಎಂದು ಆ ಕಣ್ಣಿನಿಂದ ತಿಳಿಯಿತು.

ಅಗ್ನಿಶಾಮಕ ದಳಕ್ಕೆ ಫೋನು ಮಾಡಿದಳು. ಹೆದ್ದಾರಿಯಲ್ಲಿ ದೊಡ್ಡ ಅಪಘಾತ, ಗಾಡಿಗಳೆಲ್ಲ ಅಲ್ಲಿವೆ, ಬರುತ್ತೇವೆ ಆದರೆ ತಡವಾಗಬಹುದು, ಎಚ್ಚರ ತಪ್ಪದಂತೆ ಮಾತಾಡಿಸುತ್ತಿರಿ ಎಂದರಂತೆ. ಅಷ್ಟರಲ್ಲಿ ಮಬಿಯಾಲ ಬಂದ. ಅವನೂ ಗ್ರಾಸಿಂದಳೂ ಸೇರಿ ಬಾಗಿಲಿಗೆ ಹೆಗಲು ಕೊಟ್ಟರು. ಬಾಗಿಲು ಒತ್ತಿದಷ್ಟೂ ಕಪಾಟು ನನ್ನ ಪಾದವನ್ನು ಅರೆಯಿತು. ನಾನು ಕೂಗಿದೆ. ಅವರು ಬಿಟ್ಟರು. ನೋವು ಎಷ್ಟಿದೆ ಎಂದು ಮಬಿಯಾಲ ಸಂದಿಯಿಂದ ಕೇಳಿದ. ಮೊದಲಿಗಿಂತ ಕಡಿಮೆ, ಮರಗಟ್ಟಿದ ಹಾಗಿದೆ ಎಂದೆ. ಅವನು ಹಿಂದೆ ಸರಿದ. ಹೊರಗೆ ಒರಿಯಾನ್ ಸೇರಿ ಮೂವರೂ ತಗ್ಗಿದ ದನಿಯಲ್ಲಿ ಮಾತಾಡಿದರು. ಆಮೇಲೆ ಹೆಜ್ಜೆಗಳು ಮೆಟ್ಟಿಲಿಳಿದವು. ಸಂದಿಯಲ್ಲಿ ಗ್ರಾಸಿಂದ ಮಾತ್ರ ಉಳಿದಳು.

ಒರಿಯಾನ್ ಎಲ್ಲಿ ಎಂದು ಕೇಳಿದೆ. ಇನ್ನೊಂದು ಸಲ ಬೆರಳು ಅಲ್ಲಾಡಿಸು ಎಂದಳು ಗ್ರಾಸಿಂದ.

ನಮ್ಮದು ಎರಡನೆಯ ಮಹಡಿ. ನಮ್ಮ ಕಿಟಕಿಯ ನೇರ ಕೆಳಗೆ ಮೊದಲ ಮಹಡಿಯ ಮದಾಮ್ ಕೆರ್ಬ್ರಾ ಅವರ ಬಾಲ್ಕನಿ. ಬಿದ್ದಲ್ಲಿಂದ ನನಗೆ ಕಾಣುತ್ತಿದ್ದದ್ದು ತೆರೆದ ಕಿಟಕಿ, ಅದರ ತುಂಬ ಆಕಾಶ, ಅಷ್ಟೇ. ಆದರೆ ಕಿವಿ ಕೇಳಿಸುತ್ತಿತ್ತು. ಮದಾಮ್ ಕೆರ್ಬ್ರಾ ಹೂಕುಂಡಗಳನ್ನು ಸರಿಸುವ ಸದ್ದು. ಮಬಿಯಾಲನ ದನಿ: ಕಂಬಿ ಅಲ್ಲಾಡುತ್ತದೋ ನೋಡು, ಒದ್ದು ನೋಡು, ಇನ್ನೊಂದು ಸಲ. ಯಾರಿಗೆ ಹೇಳುತ್ತಿದ್ದಾನೆ ಎಂದು ನನಗೆ ಆಗ ಹೊಳೆಯಿತು.

ಬೇಡ ಎಂದು ಕಿರುಚಿದೆ. ಬಲ ಇದ್ದಷ್ಟೂ ಕಿರುಚಿದೆ. ಅವಳಿಗೇನು ಗೊತ್ತು, ವಿಡಿಯೊ ನೋಡಿದ ಮಾತ್ರಕ್ಕೆ ಕೈಗೆ ಹಿಡಿತ ಬರುತ್ತದೆಯೇ, ಗಾರೆ ಉದುರುತ್ತದೆ, ಇಳಿಸು ಅವಳನ್ನು ಎಂದು ಮಬಿಯಾಲನಿಗೆ ಬೈದೆ. ಕೆಳಗಿನಿಂದ ಯಾರೂ ಮಾತಾಡಲಿಲ್ಲ. ಹತ್ತುವವರ ಜೊತೆ ಮಾತಾಡಬಾರದು. ಅದು ನಮ್ಮದೇ ನಿಯಮ.

ಕಿಟಕಿಯ ಅಂಚಿನಲ್ಲಿ ಎರಡು ಕೈ ಕಾಣಿಸಿದವು. ಬೆರಳುಗಳು ಕಲ್ಲನ್ನು ತಡವಿದವು. ಆಮೇಲೆ ಎರಡೂ ಮಾಯವಾದವು.

ಆ ಖಾಲಿ ಆಕಾಶವನ್ನು ನಾನು ಹೇಗೆ ನೋಡಿದೆನೆಂದು ಹೇಳಲಾರೆ. ನನ್ನ ಅಮ್ಮನ ನೆನಪಾಯಿತು. ಅವಳು ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ ಮುಗಿಸಿ ಬರುವ ಹೊತ್ತಿಗೆ ನಾವು ಎದುರಿನ ಚಾವಣಿಯ ಮೇಲಿರುತ್ತಿದ್ದೆವು. ನಾನು ಕೈ ಬೀಸಿದರೆ ಅವಳು ಕಿಟಕಿಯ ಕದ ಎಳೆದುಕೊಳ್ಳುತ್ತಿದ್ದಳು. ಬಿಸಿಲಿಗೆಂದು ಇಷ್ಟು ವರ್ಷ ತಿಳಿದಿದ್ದೆ. ನಮ್ಮ ಮನೆಯ ಆ ಕಿಟಕಿಗೆ ಬಿಸಿಲು ಬೀಳುತ್ತಲೇ ಇರಲಿಲ್ಲ.

ಕೆಳಗೆ ಒರಿಯಾನ್‌ಳ ದನಿ ಕೇಳಿಸಿತು. ಏದುಸಿರು ಇರಲಿಲ್ಲ. ಅಂಚು ತೇವ ಇದೆ, ಒರೆಸೋಕೆ ಬಟ್ಟೆ ಕೊಡಿ ಮದಾಮ್ ಎಂದು ಕೇಳುತ್ತಿದ್ದಳು. ಬಿದ್ದಿರಲಿಲ್ಲ, ತಾನಾಗಿ ಇಳಿದಿದ್ದಳು. ಹತ್ತುವ ಧೈರ್ಯ ಯಾರಿಗೂ ಇರುತ್ತದೆ. ಅರ್ಧದಲ್ಲಿ ಹಿಡಿತ ಸರಿಯಿಲ್ಲವೆಂದು ವಾಪಸು ಇಳಿಯುವ ಬುದ್ಧಿ ನಮ್ಮ ಗುಂಪಿನಲ್ಲಿ ಎಲ್ಲರಿಗೂ ಇರಲಿಲ್ಲ. ಅದನ್ನು ವಿಡಿಯೊದಲ್ಲಿ ಕಲಿಯಲಾಗದು. ಇವಳಿಗೆ ಯಾರೋ ಕಲಿಸಿದ್ದಾರೆ.

ಕೈಗಳು ಮತ್ತೆ ಬಂದವು. ಮೊಣಕೈ ಬಂತು, ತಲೆ ಬಂತು. ಒರಿಯಾನ್ ಸದ್ದಿಲ್ಲದೆ ಕೋಣೆಯೊಳಗೆ ಇಳಿದು, ನನ್ನ ಮುಖ ನೋಡದೆ ನೇರ ಪಾದ ನೋಡಿದಳು. ಕೈಯಿಂದ ಎತ್ತಲು ಹೋಗಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನೆಲದಲ್ಲಿ ಕೂತು, ಎರಡೂ ಕಾಲನ್ನು ಕಪಾಟಿಗೆ ಒತ್ತಿದಳು.

"ನಾನು ಹೇಳಿದಾಗ ಎಳ್ಕೋ. ಮುಂಚೆ ಬೇಡ."

ಅವಳು ಹೇಳಿದಾಗ ಎಳೆದುಕೊಂಡೆ. ಪಾದ ಹೊರಗೆ ಬಂತು. ರಕ್ತ ಮತ್ತೆ ಹರಿಯತೊಡಗಿದಾಗ ಬಂದ ನೋವಿಗೆ ಕಣ್ಣೀರು ಬಂತೆಂದು ಎಲ್ಲರಿಗೂ ಹೇಳಿದ್ದೇನೆ. ಅವರು ನಂಬಿದ್ದಾರೆ.

ಆಸ್ಪತ್ರೆಯಲ್ಲಿ ಪಾದದ ಮೂಳೆ ಬಿರುಕು ಬಿಟ್ಟಿದೆಯೆಂದು ಪಟ್ಟಿ ಹಾಕಿದರು. ಹೇಗಾಯಿತು ಎಂದು ವೈದ್ಯೆ ಕೇಳಿದಳು. ಪಾರ್ಕೂರ್ ಮಾಡುವಾಗ ಎಂದು ನಾನು ಗಂಭೀರವಾಗಿ ಶುರು ಮಾಡಿದೆ. "ಕಪಾಟು ಹತ್ತಿದ್ರು," ಎಂದು ಗ್ರಾಸಿಂದ ಮುಗಿಸಿದಳು. ಒಣಮೀನು ಒಲೆಯಲ್ಲೇ ಕರಿಕಾಗಿ ಹೋಗಿತ್ತು. ಮಬಿಯಾಲ ಮೊಗಸಾಲೆಯ ನಾಣ್ಯ ಹಾಕುವ ಯಂತ್ರದಿಂದ ಬಿಸ್ಕತ್ತಿನ ಪೊಟ್ಟಣಗಳನ್ನು ತಂದು ಹಂಚಿದ. ನನ್ನ ಐವತ್ತರ ಔತಣ ಅದೇ.

ಅಲ್ಲಿ ಎಲ್ಲ ಹೊರಬಂತು. ಬುಧವಾರ ಚಿತ್ರಕಲೆ ತರಗತಿ ಎಂದು ಹೋಗುತ್ತಿದ್ದ ಒರಿಯಾನ್ ಮಬಿಯಾಲನ ವ್ಯಾಯಾಮಶಾಲೆಗೆ ಹೋಗುತ್ತಿದ್ದಳು. ಗ್ರಾಸಿಂದಳಿಗೆ ಗೊತ್ತಿತ್ತು. ಮದಾಮ್ ಕೆರ್ಬ್ರಾ ಅವರಿಗೂ ಗೊತ್ತಿತ್ತಂತೆ.

"ನನಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

ಒರಿಯಾನ್ ಬಿಸ್ಕತ್ತು ಮುರಿದು ಅರ್ಧ ನನಗೆ ಕೊಟ್ಟಳು. "ನಾನು ಹೇಳೋಕೆ ಬಂದ್ರೆ ನೀನು ನಿನ್ನ ಕತೆ ಹೇಳ್ತೀಯಪ್ಪ. ನಂದು ಯಾವಾಗ ಹೇಳ್ಲಿ?"

ಮಬಿಯಾಲ ನೆಲ ನೋಡುತ್ತಿದ್ದ. ನಾನು ಬಿಸ್ಕತ್ತು ತಿಂದೆ. ಆಮೇಲೆ, ಹೇಳು ಎಂದೆ. ನಮ್ಮನ್ನು ಮನೆಗೆ ಕಳಿಸುವವರೆಗೂ ಅವಳು ಹೇಳಿದಳು: ಮೊದಲ ಸಲ ಹೆದರಿ ಗೋಡೆಯ ಮೇಲೆ ಅತ್ತದ್ದು, ಮಣಿಕಟ್ಟು ಉಳುಕಿದ್ದನ್ನು ನಮ್ಮಿಂದ ಮುಚ್ಚಿಟ್ಟದ್ದು, ಒಂದು ಸಣ್ಣ ಜಿಗಿತಕ್ಕೆ ಇಡೀ ಚಳಿಗಾಲ ಹಿಡಿದದ್ದು. ನಡುವೆ ಬಾಯಿ ಹಾಕಬಾರದೆಂದು ಬಹಳ ಕಷ್ಟಪಟ್ಟೆ. ಆ ಭಾನುವಾರ ನಾನು ಮಾಡಿದ ನಿಜವಾದ ಸಾಹಸ ಅದೊಂದೇ.

ಪಟ್ಟಿ ಬಿಚ್ಚಿದ ಮೇಲಿನ ಬುಧವಾರ ನಾನೂ ಅವಳ ಜೊತೆ ವ್ಯಾಯಾಮಶಾಲೆಗೆ ಹೋದೆ. ನನ್ನನ್ನು ಎಲ್ಲಿ ನಿಲ್ಲಿಸಬೇಕೆಂದು ಮಬಿಯಾಲ ಸ್ವಲ್ಪ ಯೋಚಿಸಿದ. ಹಳೆಯ ಸ್ನೇಹ, ಮುಖ ನೋಡಿ ಮಣೆ ಹಾಕುತ್ತಾನೆ ಎಂದುಕೊಂಡಿದ್ದೆ. ಕೊನೆಗೆ ಅವನು ಮೂಲೆಯ ಚಾಪೆ ತೋರಿಸಿದ. ಅಲ್ಲಿ ಹಾಲುಹಲ್ಲು ಬಿದ್ದ ಮಕ್ಕಳು ಬೀಳುವುದನ್ನು ಕಲಿಯುತ್ತಿದ್ದರು. ನಾನು ಸಾಲಿನ ಕೊನೆಯಲ್ಲಿ ಕೂತೆ. ನನ್ನ ಸರದಿ ಬಂದಾಗ ಉರುಳಿದೆ. ಸೊಂಟ ಹಿಡಿದುಕೊಂಡಿತು. ಎದ್ದು ನಿಲ್ಲಲು ಒರಿಯಾನ್ ಬಂದು ಕೈ ಕೊಡಬೇಕಾಯಿತು.

ಪಕ್ಕದಲ್ಲಿ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಯಾರೋ ಅವಳಿಗೆ ಹೇಳಿರಬೇಕು.

"ಪಾರ್ಕೂರ್ ಶುರು ಮಾಡಿದೋರು ಇವರೇ ಅಂತೆ, ಹೌದಾ?" ಎಂದು ಒರಿಯಾನ್‌ಳನ್ನು ಕೇಳಿದಳು.

"ಹೌದು," ಎಂದಳು ನನ್ನ ಮಗಳು, ನನ್ನ ಬೆನ್ನಿನ ಧೂಳು ಕೊಡವುತ್ತ. "ಇವತ್ತೇ ಶುರು ಮಾಡಿದ್ದು."